ಆಕಾಶವಿರುವ ಬಾಲ್ಕನಿ

ಆಂಟಿಯ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ರೈಲಿನ ಬಾಗಿಲಿಗೆ ಸಿಕ್ಕಿ ಹಾಗಾದದ್ದಂತೆ. ಅವರು ಏನನ್ನು ತೋರಿಸಿದರೂ ನೋಡುವವರ ಕಣ್ಣು ಅದರ ಪಕ್ಕದ್ದರ ಮೇಲೆ ಬೀಳುತ್ತಿತ್ತು. ಆ ಕೊನೆಯ ವರ್ಷ ನಮ್ಮ ಬಾಲ್ಕನಿಯಲ್ಲಿ ಕೂತು, ತಲೆಯ ಮೇಲೆ ಹೊದಿಸಿದ ತಾಳೆಗರಿಗಳ ಸಂದಿಯಿಂದ ಅವರು ಹುಣ್ಣಿಮೆಯ ಚಂದ್ರನನ್ನು ತೋರಿಸಿದಾಗ ನನಗೆ ಕಂಡದ್ದು ಎದುರು ಕಟ್ಟಡದ ಡಿಶ್ ಆಂಟೆನಾ. ಗಾಳಿಗೆ ಅದು ಕಳಚಿಕೊಂಡು ನಮ್ಮ ಮೇಲೇ ಬಂದರೆ ಎಂದುಕೊಂಡೆ.

ಬೀಳುವುದಕ್ಕೆ ಆ ಸಂಜೆ ಬೇರೆಯವೂ ಬೇಕಾದಷ್ಟಿದ್ದವು. ಹಂದರವೇ ಬೀಳಬಹುದಿತ್ತು. ಹಗ್ಗ ಹರಿದು ಗರಿಗಳೆಲ್ಲ ಕೆಳಗೆ ನಿಂತ ಯಾರದೋ ಹೊಸ ಕಾರಿನ ಮೇಲೆ ಇಳಿಯಬಹುದಿತ್ತು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಆಂಟಿಯನ್ನು ಕುರ್ಚಿಯ ಸಮೇತ ಮೇಲೆ ಹೊತ್ತು ತರುವಾಗ ಅವರ ಮಗನ ಕೈ ಜಾರಬಹುದಿತ್ತು. ನನ್ನ ಗಂಡನ ಸೊಂಟ ಹಿಡಿಯಬಹುದಿತ್ತು. ಎರಡೂ ಒಟ್ಟಿಗೇ ಆಗಬಹುದಿತ್ತು. ಆಂಟಿಯ ಹೃದಯ ಆ ಎತ್ತರಕ್ಕೆ ಒಪ್ಪದೇ ಹೋಗಬಹುದಿತ್ತು. ಒಣಗಿದ ಗರಿಗೆ ದೀಪದ ಕಿಡಿ ತಾಕಬಹುದಿತ್ತು. ಸ್ಟ್ರಾಟಾದವರು, ಅಂದರೆ ಕಟ್ಟಡದ ಕಟ್ಟುಪಾಡು ಕಾಯುವ ಸಮಿತಿಯವರು, ಊಟದ ನಡುವೆ ಬಂದು ಬಾಗಿಲು ಬಡಿಯಬಹುದಿತ್ತು. ಮಳೆ ಸುರಿಯಬಹುದಿತ್ತು. ಹಿಂದೊಮ್ಮೆ ಅಲಂಕಾರಕ್ಕೆ ತೂಗುಹಾಕಿದ ಹಣ್ಣನ್ನೆಲ್ಲ ತಿಂದು ಸಿಪ್ಪೆ ಬಿಟ್ಟುಹೋದ ಪಾಸಮ್ ಎಂಬ ಮರದ ಪ್ರಾಣಿ, ಈ ಸಲ ಸಂಸಾರ ಸಮೇತ ಬರಬಹುದಿತ್ತು.

ನಾನು ನಾರ್ತ್ ಸಿಡ್ನಿಯ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುತ್ತೇನೆ.

ಹ್ಯಾರಿಸ್ ಪಾರ್ಕಿನ ಈ ಕೆಂಪು ಇಟ್ಟಿಗೆಯ ಕಟ್ಟಡಕ್ಕೆ ನಾವು ಬಂದಾಗ ಆಂಟಿ ನೆಲಮಹಡಿಯ ಮನೆಯಲ್ಲಿದ್ದರು. ನಮ್ಮದು ಎಲ್ಲಕ್ಕಿಂತ ಮೇಲಿನದು. ಬಂದ ವಾರವೇ ಮೆಟ್ಟಿಲ ಮೇಲೆ ನಿಂತು ಮಗಳನ್ನು ಗದರುತ್ತಿದ್ದೆ. ಹುಬ್ಬಳ್ಳಿಯವರು ಗದರಿದರೆ ಕಟ್ಟಡಕ್ಕೆಲ್ಲ ಕೇಳುತ್ತದೆ. ಕೆಳಗಿನ ಬಾಗಿಲು ತೆರೆಯಿತು. ಹತ್ತಿಯ ಸೀರೆ, ಅದರ ಮೇಲೊಂದು ಕಂದು ಸ್ವೆಟರ್, ದಪ್ಪ ಕನ್ನಡಕ, ಎಡಗೈಯಲ್ಲಿ ಒಂದೇ ಒಂದು ಹಸಿರು ಗಾಜಿನ ಬಳೆ. ತಲೆ ಎತ್ತಿ ನನ್ನನ್ನು ನೋಡಿ, "ಹುಡುಗೀನ ಯಾಕ ಬೈತಿ ತಂಗಿ? ಶಾಣ್ಯಾ ಕಾಣ್ತಾಳ" ಅಂದರು.

ಸಿಡ್ನಿಯಲ್ಲಿ ಕನ್ನಡ ಕೇಳುವುದು ಈಗ ಆಶ್ಚರ್ಯದ ಮಾತಲ್ಲ. ಆದರೆ ಇದು ನಮ್ಮ ಅಜ್ಜಿಯ ಕಾಲದ ಓಣಿಯ ಕನ್ನಡ. ಅವರ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು, ಕೆಲವು ವರ್ಷ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿದ್ದರಂತೆ. ಆಂಟಿ ಹತ್ತು ವರ್ಷದವರಿದ್ದಾಗ ಮುಂಬಯಿಗೆ ವರ್ಗವಾಯಿತು. ಅವರ ಕನ್ನಡ ಅಲ್ಲಿಗೇ ನಿಂತಿತು. ಮುಂದೆ ಮದುವೆ, ಮಕ್ಕಳು, ಆಸ್ಟ್ರೇಲಿಯಾದ ಕಾಯಂ ವಾಸದ ಪಿಆರ್, ಗಂಡನ ಸಾವು ಎಲ್ಲವೂ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಆದವು. ಹೀಗಾಗಿ ಎಂಬತ್ತರ ಹತ್ತಿರದ ಹೆಂಗಸು ಕನ್ನಡಕ್ಕೆ ಬಂದಕೂಡಲೇ ಹತ್ತು ವರ್ಷದ ಹುಡುಗಿಯಾಗುತ್ತಿದ್ದರು. ಕುಂಟಬಿಲ್ಲೆಗೆ, ಹುಣಸೆಹಣ್ಣಿಗೆ, ಮಾಸ್ತರರ ಬೆತ್ತಕ್ಕೆ ಅವರಲ್ಲಿ ಶಬ್ದಗಳಿದ್ದವು. ಬಿ.ಪಿ.ಗೆ, ಒಂಟಿತನಕ್ಕೆ ಇರಲಿಲ್ಲ.

ಅವರು ಯಹೂದಿಗಳು ಎಂದು ಗೊತ್ತಾದದ್ದು ಮೂರ್ನಾಲ್ಕು ತಿಂಗಳ ನಂತರ. ಮುಂಬಯಿಯ ಕೆಳಗಿನ ಕೊಂಕಣ ತೀರದಲ್ಲಿ ನೂರಾರು ವರ್ಷ ಬಾಳಿದ ಯಹೂದಿಗಳ ಪಂಗಡ ಅವರದು. ಹಡಗು ಒಡೆದು ದಡ ಸೇರಿದವರ ಮಕ್ಕಳು ತಾವು ಎಂದು ಹೇಳಿಕೊಳ್ಳುತ್ತಾರೆ. ಎಣ್ಣೆಯ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಶನಿವಾರದ ಗಾಣಿಗರು ಎಂದು ಕರೆದರು. "ನಾವು ಯಾರಂತ ನಮಗ ಮರತಿದ್ರೂ ಶನಿವಾರ ಮರತಿರ್ಲಿಲ್ಲ" ಎಂದು ಆಂಟಿ ನಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮೆಟ್ಟಿಲೆಲ್ಲ ಹತ್ತಿ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದರು. ನೀರು ಕುಡಿದರು. ಬಾಲ್ಕನಿಗೆ ಹೋದರು. ಕಟ್ಟಿಸಿದವನು ಯಾಕೋ ಮಾಡು ಹಾಕದೆ ಬಿಟ್ಟ ಬಾಲ್ಕನಿ ಅದು. ಸೆಪ್ಟೆಂಬರಿನಿಂದ ನಾನು ಅಲ್ಲಿ ಸಂಡಿಗೆ ಒಣಗಿಸುತ್ತಿದ್ದೆ. ಉಳಿದ ತಿಂಗಳು ಅದರಿಂದ ಯಾರಾದರೂ ಬಿದ್ದಾರು ಎಂದು ಯೋಚಿಸುತ್ತಿದ್ದೆ. ಆಂಟಿ ಆ ವಾಲಿದ ಬೆರಳು ಎತ್ತಿದರು.

"ನಿಮ್ಮ ಬಾಲ್ಕನಿ ಮ್ಯಾಲ ಆಕಾಶ ಐತಿ."

"ಹೌದು ಆಂಟಿ."

"ನನ್ನ ಬಾಲ್ಕನಿ ಮ್ಯಾಲ ನಡುವಿನ ಮನಿಯವ್ರ ಬಾಲ್ಕನಿ ಐತಿ. ಅವರದ್ರ ಮ್ಯಾಲ ನಿಮ್ಮದು."

"ಹೌದು" ಅಂದೆ. ಕಟ್ಟಡಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ನಡುವಿನ ಮನೆಯ ನೀರು ಇವರ ಮೇಲೆ ಸೋರುತ್ತಿದೆಯೇ, ಅದಕ್ಕೆ ಮೂಲ ನಮ್ಮ ಕುಂಡಗಳೇ ಎಂದು ನಾನು ಬೆವರತೊಡಗಿದೆ. ಆಂಟಿ ಇನ್ನೂ ಸ್ವಲ್ಪ ಹೊತ್ತು ಆಕಾಶ ನೋಡಿ, ಇಳಿದು ಹೋದರು.

ಸಂಜೆ ನಮ್ಮವರು ಬಂದಾಗ ಹೇಳಿದೆ. "ಪೈಪ್ ಒಡದದೋ ಏನೋ ನೋಡ್ರಿ."

"ಪೈಪಲ್ಲ ಮಾರಾಯ್ತಿ. ಅವರಿಗೆ ನಮ್ಮ ಬಾಲ್ಕನಿ ಬೇಕಾಗೇದ" ಅಂದರು ಅವರು. ಕೆಳಗೆ ಹೋಗಿ ಕೇಳಿಕೊಂಡೂ ಬಂದರು. ಅವರಿಗೆ ಇಂಥವು ಬೇಗ ತಿಳಿಯುತ್ತವೆ. ಚಿಂತೆ ಮಾಡದವರ ತಲೆಯಲ್ಲಿ ಜಾಗ ಖಾಲಿ ಇರುತ್ತದೆ.

ಆಂಟಿ ಏನನ್ನೂ ಕೇಳುವವರಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಸುಮ್ಮನಾಗುವವರು. ಸಕ್ಕರೆ ಮುಗಿದರೆ, "ಇವತ್ತು ಚಹಾ ಕಹಿ ಆತು" ಅನ್ನುತ್ತಿದ್ದರು. ಡಾಕ್ಟರ ಬಳಿ ಹೋಗಬೇಕಾದರೆ, "ಬುಧವಾರ ಹನ್ನೊಂದಕ್ಕ ಬಸ್ಸು ಕಡಿಮಿ" ಅನ್ನುತ್ತಿದ್ದರು. ಉಳಿದದ್ದು ಕೇಳಿಸಿಕೊಂಡವರ ಪಾಲು.

ಅವರಿಗೆ ಬೇಕಾಗಿದ್ದದ್ದು ಸುಕ್ಕೋತ್ ಹಬ್ಬಕ್ಕೆ ಗುಡಿಸಲು ಹಾಕಲು ಒಂದು ಜಾಗ. ಸುಕ್ಕೋತ್ ಎಂದರೇ ಗುಡಿಸಲುಗಳು. ಸುಗ್ಗಿ ಮುಗಿದ ಹುಣ್ಣಿಮೆಯಿಂದ ಒಂದು ವಾರ ಮನೆ ಬಿಟ್ಟು ಹೊರಗೆ, ಗರಿ ಹೊದಿಸಿದ ಗುಡಿಸಲಲ್ಲಿ ಊಟ ಮಾಡಬೇಕು. ಗುಡಿಸಲಿಗೆ ಗೋಡೆ ಯಾವುದರದ್ದಾದರೂ ನಡೆಯುತ್ತದೆ. ಆಂಟಿ ಹಳೆಯ ಸೀರೆ ಕಟ್ಟುತ್ತಿದ್ದರು. ಮಾಡಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಅದು ನೆಲದಲ್ಲಿ ಬೆಳೆದು ಕಡಿದ ಹಸಿರಿನದೇ ಆಗಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ಸಂದಿಯಿಂದ ಚುಕ್ಕಿ ಕಾಣಬೇಕು. ಅದರ ಮೇಲೆ ಇನ್ನೊಂದು ಮಾಡಿರಬಾರದು, ಮರದ ಟೊಂಗೆಯೂ ಇರಬಾರದು, ಆಕಾಶವೇ ಇರಬೇಕು. ಗಂಡ ಇದ್ದಾಗ ಹಬ್ಬದ ಹಿಂದಿನ ದಿನವೇ ಅವರ ಸಮಾಜದವರ ಹಿತ್ತಲಿಗೆ ಹೋಗಿ ಉಳಿಯುತ್ತಿದ್ದರಂತೆ, ಸಿಡ್ನಿಯ ಆ ತುದಿಗೆ. ಈಗ ಕಾರು ಓಡಿಸುವವರಿಲ್ಲ, ಹಬ್ಬದ ದಿನ ವಾಹನ ಹತ್ತುವಂತೆಯೂ ಇಲ್ಲ.

"ಇದು ಹಂದರನ ಅಲ್ಲೇನ್ರಿ ಆಂಟಿ?" ಎಂದು ನಮ್ಮವರು ಕೇಳಿದ್ದೇ, ಆಂಟಿಯ ಮುಖ ಅರಳಿತು. ಆ ಶಬ್ದ ಅವರಿಗೆ ಎಲ್ಲೋ ಕಳೆದುಹೋಗಿತ್ತು. "ಹಂದರ! ಹೌದ್ ನೋಡು, ಹಂದರ" ಎಂದು ಎರಡು ಮೂರು ಸಲ ಹೇಳಿಕೊಂಡರು. ಅಂದಿನಿಂದ ನಮ್ಮಲ್ಲಿ ಆ ಹಬ್ಬದ ಹೆಸರೇ ಹಂದರದ ಹಬ್ಬ.

ಗರಿಯ ಚಿಂತೆ ಇರಲಿಲ್ಲ. ಗಾಳಿ ಬೀಸಿದ ಮರುದಿನ ಇಲ್ಲಿನ ಬೀದಿಗಳಲ್ಲಿ ತಾಳೆಜಾತಿಯ ಮರಗಳು ಆಳುದ್ದದ ಗರಿ ಉದುರಿಸಿರುತ್ತವೆ. ನಮ್ಮವರು ಶಾಪಿಂಗ್ ಟ್ರಾಲಿ ತಳ್ಳಿಕೊಂಡು ಹೋಗಿ ಆರಿಸಿ ತಂದರು. ನಾನು ಹತ್ತು ಹೆಜ್ಜೆ ಹಿಂದೆ, ಇವರು ಯಾರೋ ಬೇರೆಯವರು ಎಂಬಂತೆ. ಮಿಠಾಯಿ ಅಂಗಡಿಯವನು ಹೊರಗೆ ಬಂದು, "ಶಾದಿ ಹೈ ಕ್ಯಾ, ಭಾಯಿಸಾಬ್?" ಎಂದು ಕೇಳಿದ. "ಹಾಂ, ಆಂಟಿ ಕೀ" ಎಂದರು ನಮ್ಮವರು. ಆ ಮಾತನ್ನು ನಂಬಿ ಅವನು ಕಾಲು ಕಿಲೋ ಬೂಂದಿ ಕಟ್ಟಿಕೊಟ್ಟದ್ದು ನಿಜ.

ಮೊದಲ ವರ್ಷದ ಮೊದಲ ಸಂಜೆಯನ್ನು ನಾನು ಹೇಳದಿದ್ದರೂ ನಮ್ಮವರು ಸಿಕ್ಕವರಿಗೆಲ್ಲ ಹೇಳುತ್ತಾರೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹಂದರ ಚೆನ್ನಾಗಿ ಎದ್ದಿತ್ತು. ಆಂಟಿ ಸೂರ್ಯ ಮುಳುಗುವ ಮುಂಚೆ ತಮ್ಮ ಮನೆಯಲ್ಲಿ ಎಣ್ಣೆದೀಪ ಹಚ್ಚಿ ಬರುತ್ತೇನೆಂದು ಇಳಿದುಹೋದರು. ನಾನು ಫೋನಿನಲ್ಲಿ ಹವಾಮಾನ ನೋಡಿದೆ. ಮಳೆ ಬಂದರೂ ಬರಬಹುದು ಎಂದಿತ್ತು. ಮೇಲೆ ನೋಡಿದರೆ ಕೈ ತೂರುವಷ್ಟು ಸಂದಿ. ಎಂಬತ್ತರ ಹತ್ತಿರದ ಜೀವ, ತಲೆಯ ಮೇಲೆ ಸೋರುವ ಮಾಡು. ಸಂಡಿಗೆ ಮೇಲೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನೆನಪಾಯಿತು. ನಮ್ಮವರನ್ನು ಸ್ಟೂಲ್ ಹತ್ತಿಸಿ, ಗರಿಗಳ ಮೇಲೆ ಅದನ್ನು ಹೊದಿಸಿ, ನಾಲ್ಕೂ ಮೂಲೆ ಬಿಗಿಸಿದೆ. ಆಕಾಶವೂ ಕಾಣುತ್ತದೆ, ನೀರೂ ಬೀಳುವುದಿಲ್ಲ. ಇಷ್ಟು ಸಾವಿರ ವರ್ಷ ಇವರಿಗೆ ಇದು ಹೇಗೆ ಹೊಳೆಯಲಿಲ್ಲ ಎಂದುಕೊಂಡೆ.

ಆಂಟಿ ಬಂದರು, ಮೇಲೆ ನೋಡಿದರು, ಕೂತರು. ಪ್ರಾರ್ಥನೆಯ ಪುಸ್ತಕ ತೆರೆಯಲಿಲ್ಲ.

"ಗಾಳಿ ಬರವಲ್ದು" ಎಂದರು.

"ಫ್ಯಾನ್ ತರಲೇನ್ರಿ?"

"ಬ್ಯಾಡ." ಮತ್ತೆ ಮೇಲೆ ನೋಡಿ, "ಚಂದ್ರ ಮಸಕಾಗ್ಯಾನ."

"ಮೋಡ ಇರಬೇಕು ಆಂಟಿ."

"ಮರುಭೂಮಿಯಾಗ ನಮ್ಮ ಹಿರ್ಯಾರ ಹತ್ರ ಪ್ಲಾಸ್ಟಿಕ್ ಇರಲಿಲ್ಲ."

"ಪಾಪ" ಎಂದೆ ನಾನು, ಮನಸಾರೆ.

ಆಂಟಿ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣನ್ನು ನಮ್ಮವರ ಕಡೆಗೆ ತಿರುಗಿಸಿದರು. ನಮ್ಮವರು ಎದ್ದು, ಸ್ಟೂಲ್ ಹತ್ತಿ, ಹಾಳೆ ಬಿಚ್ಚಿ ಮಡಚಿದರು. "ಈಗ ಗಾಳಿ ಬಂತು" ಎಂದು ಆಂಟಿ ಪುಸ್ತಕ ತೆರೆದರು.

ಹಬ್ಬ ಮುಗಿದ ಮೇಲೆ ಬಿಡಿಸಿ ಹೇಳಿದರು. ಹಾಳೆ ಹೊದಿಸಿದ ಹಂದರ ಹಂದರವಲ್ಲ. ಹಬ್ಬದ ದಿನ ಅವರು ಏನನ್ನೂ ಕಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ತಮಗಾಗಿ ಬಿಚ್ಚು ಎಂದು ಬೇರೆಯವರಿಗೆ ಹೇಳುವಂತೆಯೂ ಇಲ್ಲ. "ಕೇಳೂ ಹಂಗಿಲ್ಲ ತಂಗಿ. ಗಾಳಿ ಬರವಲ್ದು ಅನ್ನಬಹುದು." ಇಡೀ ಜೀವನ ಅವರು ಮಾತಾಡುತ್ತಿದ್ದದ್ದು ಹಬ್ಬದ ದಿನದ ಭಾಷೆಯನ್ನು ಎಂದು ಆಗ ನನಗೆ ಹೊಳೆಯಿತು.

ಹಬ್ಬದ ಮೂಲವನ್ನು ಅವರು ಒಂದೊಂದು ವರ್ಷ ಒಂದೊಂದು ತುದಿಯಿಂದ ಹೇಳುತ್ತಿದ್ದರು. ಒಂದು ತುದಿ ಹೊಲದ್ದು. ಬೆಳೆ ಕೊಯ್ಯುವ ದಿನಗಳಲ್ಲಿ ರೈತರು ಮನೆಗೆ ಹೋಗಿಬರಲು ಹೊತ್ತಿಲ್ಲದೆ ಹೊಲದಲ್ಲೇ ಗುಡಿಸಲು ಹಾಕಿ ಮಲಗುತ್ತಿದ್ದರು. ದ್ರಾಕ್ಷಿ, ಆಲಿವ್, ಅಂಜೂರ, ವರ್ಷದ ಕೊನೆಯ ಫಸಲು. ಇನ್ನೊಂದು ತುದಿ ಮರುಭೂಮಿಯದು. ಈಜಿಪ್ಟಿನ ಜೀತದಿಂದ ಬಿಡಿಸಿಕೊಂಡು ಹೊರಟವರು ನಲವತ್ತು ವರ್ಷ ಅಲೆದರು. ನಿಂತಲ್ಲಿ ಗುಡಿಸಲು, ಎದ್ದರೆ ಅದೂ ಇಲ್ಲ. ಧರ್ಮಗ್ರಂಥ ಈ ಎರಡನೆಯದನ್ನು ನೆನೆಯಲು ಹೇಳುತ್ತದೆ. ಮೊದಲನೆಯದನ್ನು ಹೇಳಿಕೊಡುವ ಅಗತ್ಯ ರೈತರಿಗೆ ಇರಲಿಲ್ಲ.

"ಎರಡೂ ಹೆಂಗ ಕೂಡತಾವ್ರಿ?" ಎಂದು ನಮ್ಮವರು ಕೇಳಿದರು. "ಒಂದು ಹೊಟ್ಟಿ ತುಂಬಿದ್ದು, ಒಂದು ಏನೂ ಇಲ್ಲದ್ದು."

"ಅದಕ್ಕ ಕೂಡತಾವು" ಎಂದರು ಆಂಟಿ. "ಕಾಳು ಮನ್ಯಾಗ ಬಂತು. ಈಗ ಮನಿ ಗಟ್ಟಿ ಅನಿಸ್ತೈತಿ. ಆಗ ಏಳು, ಹೊರಗ ಹೋಗಿ ಕೂಡು ಅಂತಾನ ದೇವರು. ಬ್ಯಾಸಗ್ಯಾಗ ಅಲ್ಲ. ಮಳಿ ಬರೂ ಮುಂದ."

ಹುಬ್ಬಳ್ಳಿಯಲ್ಲಿದ್ದಾಗ ಶಾಲೆಯ ಗೆಳತಿಯೊಬ್ಬಳು ಅವರನ್ನು ಸೀಗಿ ಹುಣ್ಣಿವೆಗೆ ಹೊಲಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಚಕ್ಕಡಿ, ಬುಟ್ಟಿ ತುಂಬ ಕಡುಬು, ಹೋಳಿಗೆ. ತೆನೆಗಟ್ಟುವ ಬೆಳೆ ಹೊತ್ತ ಭೂಮಿಯನ್ನು ಬಸುರಿ ಎಂದು ಪೂಜಿಸಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಂಡರು. ಅದೂ ಇದೇ ಹುಣ್ಣಿಮೆ. ಹುಡುಗಿ ಮನೆಗೆ ಓಡಿ ಬಂದು, "ಅವ್ವಾ, ನಮ್ಮ ಹಬ್ಬಾನ ಅವರೂ ಮಾಡ್ತಾರ, ಹಂದರ ಒಂದು ಮರತಾರ" ಎಂದಳಂತೆ. ಅವ್ವ ನಕ್ಕು, ಇಲ್ಲ, ನಾವು ಹೊಲ ಒಂದು ಮರೆತಿದ್ದೇವೆ ಎಂದರಂತೆ.

ಇಲ್ಲಿ ಸಿಡ್ನಿಯಲ್ಲಿ ಅದು ಎರಡೂ ಅಲ್ಲ. ಅಕ್ಟೋಬರ್ ಎಂದರೆ ವಸಂತ. ಕೊಯ್ಲಿನ ಸುಳಿವಿಲ್ಲ, ಎಲ್ಲ ಹೂ ಬಿಡುತ್ತ, ಎಲ್ಲರೂ ಸೀನುತ್ತ, ಮ್ಯಾಗ್‌ಪೈ ಹಕ್ಕಿಗಳು ಗೂಡಿನ ಕೆಳಗೆ ಹೋಗುವವರ ತಲೆ ಕುಕ್ಕುವ ಕಾಲ. ಅದನ್ನು ಹೇಳಿದರೆ ಆಂಟಿ, "ಚಂದ್ರ ಅವನ ಅಲ್ಲೇನು?" ಎಂದು ಆ ಬೆರಳು ಎತ್ತುತ್ತಿದ್ದರು. ನಾನು ಆಂಟೆನಾ ನೋಡುತ್ತಿದ್ದೆ.

ಬೆಳಿಗ್ಗೆ ಹಂದರದಲ್ಲಿ ನಿಂತು ಅವರು ನಾಲ್ಕು ಬೆಳೆಗಳನ್ನು ಹಿಡಿಯುತ್ತಿದ್ದರು. ಇನ್ನೂ ಬಿಚ್ಚದ ಖರ್ಜೂರದ ಸುಳಿಗರಿ, ಮಿರ್ಟಲ್ ಎಂಬ ಪರಿಮಳದ ಸೊಪ್ಪು, ನೀರಂಚಿನ ವಿಲೋ ಮರದ ಎಲೆ, ಮತ್ತು ಒಂದು ಮಾದಲಹಣ್ಣು. ನಾಲ್ಕನ್ನೂ ಜೋಡಿಸಿ ನಾಲ್ಕು ದಿಕ್ಕಿಗೆ, ಮೇಲಕ್ಕೆ, ಕೆಳಕ್ಕೆ ಮೆಲ್ಲಗೆ ಅಲುಗಿಸುವುದು. ಮಾದಲಹಣ್ಣನ್ನು ಕಂಡು ನನಗೆ ನಗು ಬಂತು. ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿಗೆ ಹುಟ್ಟಿದ ಹಣ್ಣು. ಇವರಲ್ಲಿ ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ತುದಿ ಮುರಿಯದಂತೆ ಕೂಸಿನ ಹಾಗೆ ಕಾಯುತ್ತಾರೆ. ಹಬ್ಬ ಮುಗಿದ ಮರುದಿನ ನಾನು ಹಿಂಜರಿಯುತ್ತಲೇ ಉಪ್ಪಿನಕಾಯಿಯ ಮಾತೆತ್ತಿದೆ. ಆಂಟಿ ಯೋಚಿಸಲೂ ಇಲ್ಲ. "ಹಬ್ಬ ಮುಗೀತು. ಇನ್ನ ಅದು ಹಣ್ಣ" ಎಂದರು. ಅಂದಿನಿಂದ ಪ್ರತಿ ವರ್ಷ ಹಿಂದಿನ ವರ್ಷದ ಮಾದಲದ ಉಪ್ಪಿನಕಾಯಿ ಈ ವರ್ಷದ ಹಂದರದಲ್ಲಿ ಊಟಕ್ಕೆ ಬರುತ್ತಿತ್ತು.

ಊಟದ ಪಾತ್ರೆಗಳು ಅವರವೇ. ನಮ್ಮದು ಸಸ್ಯಾಹಾರದ ಅಡುಗೆಮನೆಯಾದರೂ ಅವರ ಪಾತ್ರೆಯಲ್ಲೇ ಬೇಯಬೇಕು. ಮೊದಮೊದಲು ಅಡುಗೆಯೂ ಅವರದೇ ಇತ್ತು. ತೆಂಗಿನಹಾಲಿನ ಅನ್ನ, ಅವಲಕ್ಕಿ ಬೆಲ್ಲದ ಮಲೀದಾ. ಕ್ರಮೇಣ ನನ್ನ ಬದನೆಕಾಯಿ ಎಣ್ಣಿಗಾಯಿ ಒಳಗೆ ಬಂತು. ಒಂದು ಬುಟ್ಟಿ ಬದನೆಕಾಯಿಯನ್ನು ಮೇಜಿನ ಮೇಲಿಟ್ಟು, "ಇವು ಸಣ್ಣವು ಅದಾವು" ಎಂದು ಹೇಳಿ ಹೋದದ್ದೇ ಅದಕ್ಕೆ ಆಮಂತ್ರಣ. ಆ ಬಟ್ಟಲನ್ನು ಯಾವಾಗಲೂ ಮೊದಲು ಹತ್ತಿರ ಎಳೆದುಕೊಳ್ಳುತ್ತಿದ್ದರು.

ಪ್ರತಿ ರಾತ್ರಿ ಒಬ್ಬೊಬ್ಬ ಪೂರ್ವಜನನ್ನು ಹಂದರಕ್ಕೆ ಊಟಕ್ಕೆ ಕರೆಯುವ ರೂಢಿ ಅವರಲ್ಲಿದೆ. ಮೊದಲ ರಾತ್ರಿ ಅಬ್ರಹಾಮ. ಅವನಿಗೊಂದು ಕುರ್ಚಿ ಖಾಲಿ ಇಡುತ್ತಿದ್ದರು. ಅಷ್ಟು ಸಣ್ಣ ಬಾಲ್ಕನಿಯಲ್ಲಿ ಆ ಕುರ್ಚಿಯಿಂದಾಗಿ ನನಗೆ ಕೂರಲು ಜಾಗವಿಲ್ಲದೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಭಾರ ಕಡಿಮೆಯಾಯಿತೆಂದು ಒಳಗೊಳಗೇ ಸಮಾಧಾನ. ಅಬ್ರಹಾಮ ತೂಗುವುದಿಲ್ಲ ಎಂಬ ಭರವಸೆ ನನಗಿತ್ತು. ಮಗಳು ಮಾತ್ರ, "ಅಮ್ಮಾ, ರಿಲ್ಯಾಕ್ಸ್. ಇಟ್ಸ್ ಎ ಬಾಲ್ಕನಿ. ಪೀಪಲ್ ಸ್ಟ್ಯಾಂಡ್ ಆನ್ ಇಟ್" ಎಂದು ಹೇಳಿ ಅವನ ಪಕ್ಕದಲ್ಲಿ ಕೂರುತ್ತಿದ್ದಳು.

ಕೊನೆಯ ವರ್ಷ ಚಳಿಗಾಲದಲ್ಲಿ ಆಂಟಿಗೆ ಎದೆಯ ತೊಂದರೆ ಶುರುವಾಯಿತು. ತಮ್ಮ ಮನೆಯ ಬಾಗಿಲಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರು. ಮೆಲ್ಬೊರ್ನಿನಲ್ಲಿದ್ದ ಮಗ ಬಂದು ನೋಡಿ, ಇನ್ನು ಒಬ್ಬರೇ ಇರುವುದು ಸಾಧ್ಯವಿಲ್ಲ, ಅಕ್ಟೋಬರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ. ಹಬ್ಬ ಮುಗಿದ ಮೇಲೆ ಎಂದು ಆಂಟಿ ಹೇಳಿದರು. ಹಂದರ ಈ ಸಲ ಬೇಡ, ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದು ಮಗ ನನಗೆ ಫೋನ್ ಮಾಡಿ ಹೇಳಿದ. ನಾನು ನೂರಕ್ಕೆ ನೂರು ಅವನ ಪಕ್ಷ. ಅವನಿಗೆ ಹೊಳೆಯದ ನಾಲ್ಕಾರು ಅಪಾಯಗಳನ್ನೂ ಸೇರಿಸಿ ಹೇಳಿದೆ.

ಮರುದಿನ ಆಂಟಿಯನ್ನು ನೋಡಲು ಹೋದೆ. ಸೋಫಾದಲ್ಲಿ ದಿಂಬಿಗೆ ಒರಗಿದ್ದರು.

"ಮಗನ ಮನಿ ಹಿತ್ತಲ ದೊಡ್ಡದು" ಎಂದರು. "ಅಲ್ಲಿ ಹಂದರ ಕಬ್ಬಿಣದ್ದು. ತಯಾರ್ ಬರ್ತೈತಿ ಡಬ್ಬ್ಯಾಗ."

"ಛಲೋ ಆತಲ್ರಿ. ಬೀಳೂದಿಲ್ಲ."

"ಬೀಳೂದಿಲ್ಲ" ಎಂದು ಅವರು ಒಪ್ಪಿದರು. ಕಿಟಕಿಯ ಕಡೆ ನೋಡಿದರು. "ನಿಮ್ಮ ಬಾಲ್ಕನಿ ಈ ವರ್ಷನೂ ಅಲ್ಲೇ ಐತಿ."

ಅಷ್ಟು ವರ್ಷದಲ್ಲಿ ಅವರ ಮಾತು ನನಗೆ ಹೇಳಿದೊಡನೆ ಅರ್ಥವಾದದ್ದು ಅದೊಂದೇ ಸಲ. ಅರ್ಥವಾಗದೇ ಇದ್ದಿದ್ದರೆ ಒಳ್ಳೆಯದಿತ್ತು ಎಂದುಕೊಳ್ಳುತ್ತ ಮೇಲೆ ಬಂದೆ. ಅವರು ಮೇಲೆ ಬರುವಾಗ ಏನಾದರೂ ಆದರೆ ಅದಕ್ಕೆ ನಾನು ಕಾರಣ. ಬಾರದೇ ಹೋದರೆ, ಆ ಸಂಜೆ ಅವರು ನಡುವಿನ ಮನೆಯ ಬಾಲ್ಕನಿಯ ತಳ ನೋಡುತ್ತ ಕೂರುವುದಕ್ಕೂ ನಾನೇ ಕಾರಣ. ಈ ಎರಡರಲ್ಲಿ ಯಾವುದನ್ನು ಚಿಂತಿಸುತ್ತ ನಿದ್ದೆಗೆಡುವುದು ಎಂಬುದೇ ತೀರ್ಮಾನವಾಗಲಿಲ್ಲ.

"ಆಂಟಿ ನಡಕೋತ ಬರೂದು ಬ್ಯಾಡ. ನಾವು ಹೊತ್ತು ತರೋಣು" ಎಂದರು ನಮ್ಮವರು, ಸೋಫಾ ಸಾಗಿಸುವ ಮಾತಿನಷ್ಟು ಸಲೀಸಾಗಿ. ಆಂಟಿಯ ಡಾಕ್ಟರನ್ನೂ ಕೇಳಿದ್ದಾಯಿತು. ಹತ್ತಬಾರದು, ಕೂತು ಬಂದರೆ ಅಡ್ಡಿಯಿಲ್ಲ ಎಂದರಂತೆ. ಮಗನಿಗೆ ನಾನೇ ಫೋನ್ ಮಾಡಿದೆ. ಹಿಂದಿನ ಫೋನಿನಲ್ಲಿ ನಾನೇ ಹೇಳಿದ ಅಪಾಯಗಳನ್ನೆಲ್ಲ ಅವನು ಒಂದೊಂದಾಗಿ ನನಗೇ ಒಪ್ಪಿಸಿದ. ಕೊನೆಗೆ, "ಕುರ್ಚಿಯ ಹಿಂದಿನ ಕಾಲು ನಾನು ಹಿಡಿಯುತ್ತೇನೆ" ಎಂದ.

ಹಬ್ಬದ ದಿನ ರಜೆ ಹಾಕಿದೆ. ಮೆಟ್ಟಿಲು ಒರೆಸಿದೆ, ಒದ್ದೆಯಾಯಿತೆಂದು ಮತ್ತೆ ಒಣಬಟ್ಟೆಯಿಂದ ಒರೆಸಿದೆ. ಹಂದರದ ಗಂಟುಗಳನ್ನು ಎಳೆದು ನೋಡಿದೆ. ದೀಪ ಕೆಳಗಿನ ಮನೆಯಲ್ಲೇ ಇರಲಿ ಎಂದು ಒಪ್ಪಿಸಿದೆ. ಆಂಟಿಯ ಔಷಧಿ, ಡಾಕ್ಟರ ನಂಬರು, ಒಂದು ಕೊಡೆ, ಅದು ಕೈಕೊಟ್ಟರೆ ಇನ್ನೊಂದು ಕೊಡೆ. ಈ ನಡುವೆಯೇ ಆಂಟಿಯ ಪಾತ್ರೆಯಲ್ಲಿ ಅನ್ನ ಮಾಡಿದೆ, ಬದನೆಕಾಯಿಗೆ ಮಸಾಲೆ ತುಂಬಿ ಎಣ್ಣಿಗಾಯಿ ಮಾಡಿದೆ.

ಸೂರ್ಯ ಇಳಿಯುವ ಮುಂಚೆ ಮೆರವಣಿಗೆ ಹೊರಟಿತು. ಮುಂದೆ ಹಿಂದುಮುಂದಾಗಿ ಹತ್ತುತ್ತ ನಮ್ಮವರು, ಹಿಂದೆ ಮಗ, ನಡುವೆ ಕುರ್ಚಿಯಲ್ಲಿ ಆಂಟಿ, ಮಡಿಲಲ್ಲಿ ಮಾದಲಹಣ್ಣಿನ ಡಬ್ಬಿ. ಎಲ್ಲರಿಗಿಂತ ಹಿಂದೆ ನಾನು, ಎರಡೂ ಕೈ ಚಾಚಿಕೊಂಡು, ಬಿದ್ದರೆ ಇಡೀ ದಿಬ್ಬಣವನ್ನೇ ಹಿಡಿದುಬಿಡುವವಳ ಹಾಗೆ.

"ಸಾವಕಾಶ್ರಿ! ತಿರುವಿನಾಗ ಸಾವಕಾಶ!"

"ನೀ ಸುಮ್ನಿದ್ರ ಸಾವಕಾಶ ಆಗ್ತದ" ಎಂದರು ನಮ್ಮವರು ಏದುಸಿರಿನಲ್ಲಿ.

ನಡುವಿನ ಮನೆಯವರು ಬಾಗಿಲು ತೆರೆದು ನೋಡಿದರು. ಆಂಟಿ ಕುರ್ಚಿಯಿಂದಲೇ ಕೈಬೀಸಿ ಇಂಗ್ಲಿಷಿನಲ್ಲಿ, "ನಾನು ಮೇಲಿನ ಮನೆಗೆ ಶಿಫ್ಟ್ ಆಗುತ್ತಿದ್ದೇನೆ" ಎಂದರು.

ಏನೂ ಆಗಲಿಲ್ಲ. ಯಾರ ಕೈಯೂ ಜಾರಲಿಲ್ಲ. ಆಂಟಿಯ ಉಸಿರು ನನ್ನದಕ್ಕಿಂತ ಸರಿಯಾಗಿತ್ತು. ಅಬ್ರಹಾಮನ ಕುರ್ಚಿಯ ಪಕ್ಕ ಅವರನ್ನು ಇಳಿಸಿದೆವು. ಅವರು ಪ್ರಾರ್ಥನೆ ಹೇಳಿದರು, ರೊಟ್ಟಿ ಮುರಿದರು. ಶುಕ್ರವಾರಗಳಲ್ಲಿ ಅದನ್ನು ಉಪ್ಪಿಗೆ ಅದ್ದುತ್ತಾರೆ. ಈ ಹಬ್ಬಗಳ ತಿಂಗಳಲ್ಲಿ ಜೇನಿಗೆ. ಜೇನಿನ ಬಟ್ಟಲು ಎಲ್ಲರ ಕೈ ದಾಟಿತು. ನಾನು ಮಾತ್ರ ಉಣ್ಣಲಿಲ್ಲ. ಬಾಗಿಲಲ್ಲಿ ನಿಂತು ಒಂದು ಕಣ್ಣು ಹಗ್ಗದ ಮೇಲೆ, ಒಂದು ಕಣ್ಣು ಆಂಟಿಯ ಮುಖದ ಮೇಲೆ ಇಟ್ಟಿದ್ದೆ.

ಊಟದ ನಡುವೆ ಒಂದು ಹನಿ ಬಿತ್ತು. ನೇರವಾಗಿ ಆಂಟಿಯ ಕನ್ನಡಕದ ಮೇಲೆ. ನಾನು ಎರಡೂ ಕೊಡೆಗಳೊಂದಿಗೆ ಧಾವಿಸಿದೆ. ಅವರು ಕೈ ಎತ್ತಿ ತಡೆದರು. "ಬಂತು" ಎಂದರು, ಬರಬೇಕಾದವರು ಬಂದಂತೆ. ಕನ್ನಡಕ ಒರೆಸಲಿಲ್ಲ. ಆಮೇಲೆ ಮತ್ತೊಂದು ಹನಿಯೂ ಬೀಳಲಿಲ್ಲ. ಆಗಲೇ ಅವರು ಚಂದ್ರನನ್ನು ತೋರಿಸಿದ್ದು, ನಾನು ಆಂಟೆನಾ ನೋಡಿದ್ದು.

ಆ ದಿನ ನನ್ನನ್ನು ಕಾಡಿದ್ದು ಒಂದೇ ವಿಷಯ. ಆಂಟಿ ಮಾದಲದ ಉಪ್ಪಿನಕಾಯಿಯನ್ನು ಮೂರು ಸಲ ಹಾಕಿಸಿಕೊಂಡರು. ಬಿ.ಪಿ. ಇದ್ದವರು. ಮಗನಾದರೂ ಬೇಡ ಎಂದಾನು ಎಂದು ನೋಡಿದರೆ ಅವನೂ ಹಾಕಿಸಿಕೊಂಡ. ನಮ್ಮವರಂತೂ ಹೇಳುವುದೇ ಬೇಡ.

ಊಟವಾದ ಮೇಲೆ ಆಂಟಿ ಸುತ್ತ ನೋಡಿದರು. ಗರಿ, ಹಳೆಯ ಸೀರೆಯ ಗೋಡೆ, ಅಬ್ರಹಾಮನ ಕುರ್ಚಿ. "ಇವತ್ತು ಎಲ್ಲಾ ಸರಿ ಆತು" ಎಂದರು. ಆಮೇಲೆ ನನ್ನ ಕೈ ಹಿಡಿದು, ಅವರು ಯಾವತ್ತೂ ಮಾಡದ ಒಂದು ಕೆಲಸ ಮಾಡಿದರು. ಕೇಳಿದರು.

"ಉಳದ ಎಣ್ಣಿಗಾಯಿ ನನಗ ಕೊಡು ತಂಗಿ. ಪಾತ್ರಿ ಸಮೇತ."

ಸುತ್ತುಬಳಸಿಲ್ಲದೆ, ನೇರವಾಗಿ, ನನ್ನ ಕೈಯ ಅಡುಗೆಯನ್ನು ಕೇಳಿದ್ದರು. ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಅವರ ಮಡಿಲಲ್ಲಿಟ್ಟೆ. ಅವರನ್ನು ಇಳಿಸಿ ಬಂದ ಮೇಲೆ ಮೊಸರನ್ನ ಕಲಸಿ ತಿಂದು, ಆ ವರ್ಷದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಮಲಗಿದೆ.

ಹಬ್ಬ ಮುಗಿದ ವಾರ ಅವರು ಮೆಲ್ಬೊರ್ನಿಗೆ ಹೋದರು. ಆ ವರ್ಷದ ಮಾದಲಹಣ್ಣನ್ನು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋಗಿದ್ದರು. ಆಮೇಲೆ ಫೋನಿನಲ್ಲಿ ಮಾತು. "ಇಲ್ಲಿ ಥಂಡಿ ಭಾಳ" ಎಂದರೆ ನಾನು ಸ್ವೆಟರ್ ಕಳಿಸುವುದು. ಮುಂದಿನ ಚಳಿಗಾಲದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ಹೋದರು. ಅವರಲ್ಲಿ ಮಣ್ಣು ಮಾಡುವುದಕ್ಕೆ ತಡ ಮಾಡುವುದಿಲ್ಲ. ನಾವು ಟಿಕೆಟ್ ಬುಕ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಂತರದ ಏಳು ದಿನ ಮನೆಯವರು ಹೊರಗೆ ಹೋಗದೆ ಕೂತಿರುತ್ತಾರೆ, ಜನ ಬಂದು ಜೊತೆಗೆ ಕೂರುತ್ತಾರೆ ಎಂದು ತಿಳಿದು ಆ ದಿನಗಳಲ್ಲಿ ಹೋದೆವು.

ಮಗ ತಗ್ಗಾದ ಮಣೆಯೊಂದರ ಮೇಲೆ ಕೂತಿದ್ದ. ನಡುಮನೆಯ ಕನ್ನಡಿಗೆ ಬಟ್ಟೆ ಹೊದಿಸಿತ್ತು. ದುಃಖದಲ್ಲಿರುವವರು ತಾವಾಗಿ ಮಾತಾಡುವವರೆಗೆ ಬಂದವರು ಮಾತಾಡಬಾರದೆಂದು ಬಾಗಿಲಲ್ಲೇ ಯಾರೋ ಹೇಳಿದರು. ನಾನು ಕೂತು, ಅವನು ಮಾತಾಡದೇ ಇದ್ದರೆ ನಮ್ಮ ವಾಪಸಿನ ವಿಮಾನದ ಗತಿಯೇನು ಎಂದು ಯೋಚಿಸತೊಡಗಿದೆ. ಯೋಚನೆಗೆ ಹೊತ್ತುಗೊತ್ತಿಲ್ಲ. ಕಿಟಕಿಯಾಚೆ ದೊಡ್ಡ ಹಿತ್ತಲು, ಬೋಳು ಹುಲ್ಲು, ಮೇಲೆ ಬೇಕಾದಷ್ಟು ಆಕಾಶ.

ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತಿ ನನ್ನನ್ನು ನೋಡಿದ. ಮುಖದಲ್ಲಿ ಸಣ್ಣ ನಗೆಯಿತ್ತು.

"ನಿಮಗೆ ಒಂದು ಮಾತು ಹೇಳಬಾರದೆಂದು ಅಮ್ಮ ಆಣೆ ಹಾಕಿಸಿದ್ದಳು" ಎಂದ ಇಂಗ್ಲಿಷಿನಲ್ಲಿ. "ಅವಳು ಇರುವವರೆಗೆ ಹೇಳಲಿಲ್ಲ."

ನನ್ನ ತಲೆ ಓಡತೊಡಗಿತು. ಮೆಟ್ಟಿಲ ಮೇಲೆ ಅವರಿಗೆ ಎದೆ ನೋವು ಬಂದಿತ್ತೇ, ನಾವು ಕುರ್ಚಿ ಅಲುಗಿಸಿದೆವೇ, ಆ ಹನಿಯಿಂದ ನೆಗಡಿಯಾಗಿ ಅಲ್ಲಿಂದಲೇ ಎಲ್ಲ ಶುರುವಾಯಿತೇ.

"ಆ ರಾತ್ರಿ ಕೆಳಗೆ ಹೋದಮೇಲೆ ಅವಳು ತುಂಬ ನಕ್ಕಳು. ನಿಮಗೆ ಗೊತ್ತಾದರೆ ಒಂದು ವರ್ಷ ನಿದ್ದೆ ಮಾಡೋದಿಲ್ಲ, ಅದಕ್ಕೇ ಪಾತ್ರೆಯನ್ನೇ ತಂದುಬಿಟ್ಟೆ ಅಂದಳು. ಮರುದಿನ ಸರಿಮಾಡಿ, ಎರಡು ಹೊತ್ತು ಅದನ್ನೇ ತಿಂದೆವು. ಅಮ್ಮ ಹೇಳಿದಳು, ಇಷ್ಟು ವರ್ಷದಲ್ಲಿ ಅತ್ಯುತ್ತಮ ಹಂದರ ಅದೇ ಅಂತ."

ವಿಮಾನ ನಿಲ್ದಾಣದ ಟ್ಯಾಕ್ಸಿಯಲ್ಲಿ ನಮ್ಮವರ ಕಡೆ ತಿರುಗಿದೆ. "ನಿಮಗೂ ಗೊತ್ತಿತ್ತೇನ್ರಿ?"

ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಮೊದಲನೇ ತುತ್ತಿಗೇ ಗೊತ್ತಾತು. ಬಾಯಿ ತೆಗೀಬೇಕಂತಿದ್ದೆ, ಮೇಜಿನ ಕೆಳಗ ಆಂಟಿ ನನ್ನ ಕಾಲು ತುಳದ್ರು. ಆ ವಯಸ್ಸಿನಾಗ ಏನು ಜೋರು ಅಂತೀ."

ಹಂದರ ಬಿದ್ದಿರಲಿಲ್ಲ. ಹಗ್ಗ ಹರಿದಿರಲಿಲ್ಲ. ಯಾರ ಕಾರಿಗೂ, ಯಾರ ಸೊಂಟಕ್ಕೂ ಏನೂ ಆಗಿರಲಿಲ್ಲ. ಸ್ಟ್ರಾಟಾದವರು ಬರಲಿಲ್ಲ, ಪಾಸಮ್ ಬರಲಿಲ್ಲ, ಮಳೆ ಒಂದೇ ಹನಿಗೆ ನಿಂತಿತ್ತು. ಆ ಆಂಟೆನಾ ಇವತ್ತಿಗೂ ಅಲ್ಲೇ ಇದೆ.

ಎಣ್ಣಿಗಾಯಿಗೆ ಉಪ್ಪು ಹಾಕಿರಲಿಲ್ಲ.